ಪಿಟೀಲು ವಿದ್ವಾನ್ ತಿರುಮಕೂಡಲು ಚೌಡಯ್ಯನವರು

ಕಾಮಗೆರೆಯಿಂದ ಕೊಳ್ಳೇಗಾಲದ ಮಾರ್ಗವಾಗಿ ಮೈಸೂರಿಗೆ ನೇರ ಹಾದಿ ಹಿಡಿದವರು ತಿರುಮಕೂಡಲು ನರಸೀಪುರವನ್ನು ದಾಟಿಯೇ ಹೋಗಬೇಕು. ದಸರೆಗೆಂದೋ, ಕಾಲೇಜಿಗೆಂದೋ, ಬಂಧುಗಳ ಮನೆಗೆಂದೋ ಆ ಹಾದಿಯಲ್ಲಿ ಹೋಗಿ ಬಂದಿರುವ ನಮ್ಮ ವಿದ್ಯಾರ್ಥಿನಿಯರು ಅನೇಕರಿದ್ದಾರೆ. ಅಲ್ಲಿ ಕಾವೇರಿಯೂ ಕಪಿಲೆಯೂ ಕೂಡುತ್ತವೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೊಂದು ಇವುಗಳನ್ನು ಸೇರುವುದೆಂಬ ನಂಬಿಕೆ ಆ ಕಡೆಯ ಜನರಲ್ಲಿ ಇರುವುದರಿಂದ ಆ ಸ್ಥಳಕ್ಕೆ ತ್ರಿಮಕುಟವೆಂಬ ಹೆಸರೂ ಉಂಟು. ಒಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿಯ ದೇವಾಲಯ, ಎದುರಿನ ತಿರುಮಕೂಡಲಿನಲ್ಲಿ ಅಗಸ್ತ್ಯೇಶ್ವರನ ದೇವಾಲಯ. ಅಲ್ಲಿ ಕೂಡಿದ ನೀರು ತಲಕಾಡಿನ ಮರಳನ್ನು ಬಳಸಿಕೊಂಡು ನಮ್ಮ ಸೀಮೆಯ ಅಂಚಿನ ಶಿವನಸಮುದ್ರಕ್ಕೆ ಬಂದು ಬಂಡೆಗಳ ಮೇಲಿಂದ ಧುಮುಕುವುದನ್ನು ನಾವೆಲ್ಲರೂ ನೋಡಿದ್ದೇವೆ. ಆ ಸಂಗಮದ ಊರಿನಲ್ಲಿ ಹುಟ್ಟಿ, ಪಿಟೀಲಿನ ನಾದದಿಂದ ದಕ್ಷಿಣ ದೇಶವನ್ನೆಲ್ಲಾ ತುಂಬಿದ ಚೌಡಯ್ಯನವರ ಜೀವನವನ್ನು ಈ ಸಂಚಿಕೆಯಲ್ಲಿ ಸಂಕ್ಷೇಪವಾಗಿ ಬರೆಯಬೇಕೆಂದು ನಮಗೆ ಬಹುದಿನದಿಂದ ಆಸೆಯಿದ್ದಿತು.

ಚೌಡಯ್ಯನವರ ಹೆಸರನ್ನು ಎತ್ತಿದೊಡನೆ ಏಳು ತಂತಿಯ ಪಿಟೀಲು ಎಲ್ಲರ ನೆನಪಿಗೆ ಬರುವುದು. ಬೆಂಗಳೂರನ್ನು ಬಲ್ಲವರಿಗೆ ಅವರ ಹೆಸರಿನ ಸಭಾಮಂದಿರವೂ ನೆನಪಾಗುವುದು. ಆದರೆ ಅವರು ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೂ ಆಗಿದ್ದರೆಂಬುದನ್ನು ಬಲ್ಲವರು ವಿರಳ. ಅವರ ನುಡಿಸಾಣಿಕೆಯ ಕೀರ್ತಿಯು ಅವರ ರಚನೆಗಳ ಮೇಲೆ ನೆರಳು ಕವಿದಂತಾಗಿರುವುದು. ನಾವು ಈ ಲೇಖನವನ್ನು ಬರೆಯಲು ಕೈಹಾಕಿದ್ದು ಮುಖ್ಯವಾಗಿ ಈ ಕಾರಣದಿಂದಲೇ.

ಅವರು ಜನಿಸಿದ್ದು 1895ನೆಯ ಇಸವಿ ಜನವರಿ 1ರಂದು. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮನವರು. ತಂದೆಯ ಹೆಸರಿನಲ್ಲಿಯೇ ಊರ ದೇವರ ಹೆಸರು ಇರುವುದನ್ನು ವಾಚಕರು ಗಮನಿಸಬಹುದು. ಮನೆತನ ಒಕ್ಕಲಿಗರದು. ಸಂಗೀತವು ಅರಮನೆಯ ವಿದ್ವಾಂಸರ ವಂಶಗಳಲ್ಲಿ ತಂದೆಯಿಂದ ಮಗನಿಗೆ ಇಳಿದುಬರುತ್ತಿದ್ದ ಆ ಕಾಲದಲ್ಲಿ ನದೀತೀರದ ಗೌಡರ ಮನೆಯ ಹುಡುಗನು ಕಮಾನನ್ನು ಹಿಡಿದು ಹೊರಟನೆಂಬುದು ಸಾಮಾನ್ಯ ಸಂಗತಿಯಲ್ಲ.

ಹದಿನೈದನೆಯ ವಯಸ್ಸಿನಲ್ಲಿ, ಎಂದರೆ 1910ರಲ್ಲಿ, ಹುಡುಗನು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯನಾದನು. ಕೃಷ್ಣಪ್ಪನವರು ಮೈಸೂರು ಆಸ್ಥಾನದ ಹೆಸರಾಂತ ಗಾಯಕರು. ಕರಾವಳಿಯ ನಂದಳಿಕೆಯಲ್ಲಿ 1866ರಲ್ಲಿ ಹುಟ್ಟಿ ಮೈಸೂರಿಗೆ ಬಂದು ನೆಲಸಿದವರು. ಕಚೇರಿಗಳಲ್ಲಿ ತೆಲುಗು ಕೃತಿಗಳೇ ಮೆರೆಯುತ್ತಿದ್ದಾಗ ದಾಸರ ಕನ್ನಡ ಪದಗಳಿಗೆ ಗೌರವದ ಸ್ಥಾನವನ್ನು ಕೊಟ್ಟ ಪುಣ್ಯಾತ್ಮರು. ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದವರೂ ಅವರೇ. ಇಂಥವರ ಬಳಿ ಚೌಡಯ್ಯನವರು 1918ರ ವರೆಗೆ ಎಂಟು ವರ್ಷಗಳ ಕಾಲ ಕಟ್ಟುನಿಟ್ಟಾದ ಗುರುಕುಲವಾಸವನ್ನು ನಡೆಸಿದರು.

ಇಲ್ಲಿ ಒಂದು ವಿಶೇಷವುಂಟು. ಗುರುಗಳು ಹಾಡುಗಾರರು, ಶಿಷ್ಯನು ಪಿಟೀಲುಗಾರ. ಗುರುವಿನ ಕೊರಳಿನಿಂದ ಬಂದುದನ್ನು ಶಿಷ್ಯನು ಬೆರಳಿನಿಂದ ಹಿಡಿಯಬೇಕು. ಪಿಟೀಲಿನಲ್ಲಿ ವೀಣೆಗಿರುವಂತೆ ಮೆಟ್ಟುಗಳಿಲ್ಲ. ಬೆರಳು ಕೂದಲೆಳೆಯಷ್ಟು ತಪ್ಪಿದರೂ ಸ್ವರ ತಪ್ಪಿತು. ಹಾಡುಗಾರನು ಎಲ್ಲಿ ಉಸಿರೆಳೆದುಕೊಳ್ಳುವನೋ ಅಲ್ಲಿ ಕಮಾನು ತಿರುಗಬೇಕು. ಅವನು ಅಕ್ಷರವನ್ನು ಒತ್ತಿದಲ್ಲಿ ಕಮಾನೂ ಒತ್ತಬೇಕು. ಸಾಹಿತ್ಯವನ್ನು ಅರಿಯದ ಪಿಟೀಲುಗಾರನು ಸ್ವರಗಳನ್ನು ನುಡಿಸಬಹುದೇ ಹೊರತು ಹಾಡನ್ನು ನುಡಿಸಲಾರನು. ಚೌಡಯ್ಯನವರು ಮುಂದೆ ಸ್ವತಃ ಸಾಹಿತ್ಯ ರಚನೆಗೆ ಕೈಹಾಕಿದುದಕ್ಕೆ ಹಾಡುಗಾರರ ಮನೆಯ ಈ ಎಂಟು ವರ್ಷಗಳ ಅಭ್ಯಾಸವೇ ಬೀಜವೆಂದು ನಮ್ಮ ಅಭಿಪ್ರಾಯ.

ಪಿಟೀಲು ನಮ್ಮ ದೇಶದ ವಾದ್ಯವಲ್ಲವೆಂಬುದು ನಮ್ಮ ಮಕ್ಕಳಲ್ಲಿ ಕೆಲವರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಅದು ಯೂರೋಪಿನವರೊಡನೆ ಹಡಗನ್ನೇರಿ ಬಂದಿತು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು (1786-1859) ಮದರಾಸಿನ ಸಮೀಪದ ಮಣಲಿಯಲ್ಲಿದ್ದಾಗ ಐರೋಪ್ಯ ಶಿಕ್ಷಕರೊಬ್ಬರಿಂದ ಅದನ್ನು ಕಲಿತು ನಮ್ಮ ಸಂಗೀತಕ್ಕೆ ಹೊಂದಿಸಿಕೊಂಡರು. ಐರೋಪ್ಯನು ನಿಂತು, ಗಲ್ಲದ ಕೆಳಗೆ ವಾದ್ಯವನ್ನಿಟ್ಟು ನುಡಿಸುವನು. ನಮ್ಮವರು ನೆಲದ ಮೇಲೆ ಕುಳಿತು, ವಾದ್ಯದ ತಲೆಯನ್ನು ಬಲಗಾಲಿನ ಹರಡಿನ ಮೇಲೆ ಊರಿ, ಎಡಗೈಯನ್ನು ತಂತಿಗಳ ಮೇಲೆ ನಿರಾತಂಕವಾಗಿ ಜಾರಿಸುವರು. ಹೀಗೆ ಜಾರಿಸದಿದ್ದರೆ ಗಮಕವೇ ಹುಟ್ಟದು. ತಂತಿಗಳ ಶ್ರುತಿಯನ್ನೂ ಬದಲಿಸಿ ಷಡ್ಜ, ಪಂಚಮ, ಷಡ್ಜ, ಪಂಚಮವೆಂದು ಕೂಡಿಸಿಕೊಂಡರು. ನೂರು ವರ್ಷ ಕಳೆಯುವುದರೊಳಗೆ ಪಿಟೀಲಿಲ್ಲದ ಕಚೇರಿಯೇ ಇಲ್ಲವೆಂಬಂತಾಯಿತು. ದೂರದೇಶದಿಂದ ಬಂದು ಮನೆಯ ಮಗಳಾದ ವಾದ್ಯವಿದು.

ಆದರೂ ಅದರ ಸ್ಥಾನ ಪಕ್ಕದ್ದು. ಹಾಡುಗಾರನು ನಡುವೆ ಕುಳಿತರೆ ಪಿಟೀಲುಗಾರನು ಒಂದು ಪಕ್ಕಕ್ಕೆ, ಮೃದಂಗದವನು ಇನ್ನೊಂದು ಪಕ್ಕಕ್ಕೆ. ಹಾಡುಗಾರನು ರಾಗವನ್ನು ವಿಸ್ತರಿಸುವಾಗ ನೆರಳಿನಂತೆ ಹಿಂಬಾಲಿಸಬೇಕು. ಅವನು ನಿಲ್ಲಿಸಿದಾಗ ತನ್ನ ಪಾಲಿನ ಸರದಿಯನ್ನು ನುಡಿಸಿ, ಮತ್ತೆ ಹಿಂದೆ ಸರಿಯಬೇಕು. ಯಾವ ರಾಗ, ಯಾವ ಕೃತಿ ಬರುವುದೆಂದು ಮುಂಚಿತವಾಗಿ ಯಾರೂ ಹೇಳುವುದಿಲ್ಲ. ಬುದ್ಧಿಯು ಅಷ್ಟು ಚುರುಕಾಗಿರಬೇಕು, ಅಹಂಕಾರವು ಅಷ್ಟು ತಗ್ಗಿರಬೇಕು. ಈ ಕಠಿನವಾದ ಕೆಲಸದಲ್ಲಿ ಚೌಡಯ್ಯನವರು ಸುಮಾರು ಮೂವತ್ತನೆಯ ವಯಸ್ಸಿಗೆಲ್ಲಾ ಅಗ್ರಗಣ್ಯರೆನಿಸಿದರು.

ಇನ್ನು ಆ ಏಳು ತಂತಿಗಳ ಸಮಾಚಾರ. ಹಿಂದಿನ ಕಾಲದ ಕಚೇರಿಯು ಅರಮನೆಯ ಒಳಾಂಗಣದಲ್ಲೋ, ರಾಮಮಂದಿರದಲ್ಲೋ, ಧನಿಕರ ಮನೆಯ ತೊಟ್ಟಿಯಲ್ಲೋ ನಡೆಯುತ್ತಿದ್ದಿತು. ಕೇಳುವವರು ಕೈಗೆಟಕುವಷ್ಟು ಹತ್ತಿರದಲ್ಲಿರುತ್ತಿದ್ದರು. ಅದು ಕೊಠಡಿಯ ಸಂಗೀತ. ಇಪ್ಪತ್ತನೆಯ ಶತಮಾನದಲ್ಲಿ ಸಭೆಗಳು ಹುಟ್ಟಿ, ಹಣ ಕೊಟ್ಟು ಕೇಳುವ ನೂರಾರು ಜನ ದೊಡ್ಡ ಚಪ್ಪರಗಳಲ್ಲಿ ನೆರೆಯತೊಡಗಿದರು. ಧ್ವನಿವರ್ಧಕ ಇನ್ನೂ ಬಂದಿರಲಿಲ್ಲ. ತುಂಬು ಕಂಠದ ಗಾಯಕನಾದರೆ ಹಿಂದಿನ ಸಾಲಿಗೂ ಕೇಳಿಸುವನು. ಪಿಟೀಲಿನ ನಾಲ್ಕು ತಂತಿಯ ದನಿಯು ಅರ್ಧ ದಾರಿಯಲ್ಲಿಯೇ ಕರಗಿಹೋಗುವುದು. ಪಕ್ಕವಾದ್ಯಗಾರನು ಕೈ ಆಡಿಸುವುದು ಕಾಣುವುದೇ ವಿನಾ ಕೇಳುವುದಿಲ್ಲ. ಇದಕ್ಕೆ ಪರಿಹಾರವನ್ನು ಚೌಡಯ್ಯನವರು ವಾದ್ಯದಲ್ಲಿಯೇ ಹುಡುಕಿದರು. ಇದ್ದ ನಾಲ್ಕರ ಜೊತೆಗೆ ಇನ್ನು ಮೂರು ತಂತಿಗಳನ್ನು ಜೋಡಿಯಾಗಿ ಕಟ್ಟಿ, ಒಂದು ಬೆರಳು ಒತ್ತಿದಾಗ, ಒಂದು ಕಮಾನು ಎಳೆದಾಗ, ಎರಡು ತಂತಿಗಳು ಒಟ್ಟಿಗೆ ನುಡಿಯುವಂತೆ ಮಾಡಿದರು. 1927ರ ಹೊತ್ತಿಗೆ ಈ ಏಳು ತಂತಿಯ ಪಿಟೀಲು ಕಚೇರಿಗೆ ಬಂದಿತು.

ಹೇಳುವುದಕ್ಕೆ ಇದು ಸುಲಭ. ಆದರೆ ಜೋಡಿ ತಂತಿಗಳಲ್ಲಿ ಒಂದು ಎಳ್ಳಿನಷ್ಟು ಸಡಿಲವಾದರೂ ಇಂಪಿನ ಬದಲು ಕರ್ಕಶವೇ ಹುಟ್ಟುವುದು. ನಮ್ಮ ಕೊಳ್ಳೇಗಾಲದ ರೇಷ್ಮೆ ಮಗ್ಗದ ಮುಂದೆ ಕುಳಿತವರಿಗೆ ಈ ಮಾತು ಚೆನ್ನಾಗಿ ಅರ್ಥವಾದೀತು. ಹಾಸಿನಲ್ಲಿ ಒಂದೆಳೆ ಸಡಿಲಿದರೆ ಸೀರೆಯುದ್ದಕ್ಕೂ ಅದು ಕಾಣುವುದಲ್ಲವೆ? ಏಳು ಬಿರಡೆಗಳನ್ನು ಹದವಾಗಿ ತಿರುವಿ, ಜೋಡಿ ತಂತಿಗಳನ್ನು ಒಂದೇ ಬೆರಳಿನಿಂದ ಸಮವಾಗಿ ಅದುಮಿ, ಆ ಭಾರದಲ್ಲಿಯೂ ಗಮಕದ ನಯವನ್ನು ಕಾಪಾಡುವುದಕ್ಕೆ ಅಸಾಧ್ಯವಾದ ಕೈಬಲವೂ ಕಿವಿಯ ಸೂಕ್ಷ್ಮವೂ ಬೇಕು. ನಾದ ದೊಡ್ಡದಾಯಿತೇ ಹೊರತು ಮಾಧುರ್ಯ ಕಡಮೆಯಾಯಿತೆಂದು ಆಕ್ಷೇಪಿಸಿದವರೂ ಇದ್ದರು. ಆ ಆಕ್ಷೇಪವು ಕೇವಲ ಮತ್ಸರದ್ದೆಂದು ತಳ್ಳಿಹಾಕುವುದು ನ್ಯಾಯವಲ್ಲ. ನಾಲ್ಕು ತಂತಿಯ ಒಂಟಿ ದನಿಗೆ ಅದರದೇ ಆದ ನಿರ್ಮಲತೆಯುಂಟು. ಆದರೆ ಹಿಂದಿನ ಸಾಲಿನಲ್ಲಿ ಕುಳಿತ ಬಡವನಿಗೂ ಸಂಗೀತವು ತಲುಪಬೇಕೆಂಬ ಹಂಬಲದಿಂದ ಹುಟ್ಟಿದ ವಾದ್ಯವದು ಎಂಬುದನ್ನು ಮರೆಯಬಾರದು. ಮುಂದೆ ಧ್ವನಿವರ್ಧಕವು ಊರೂರಿಗೂ ಬಂದ ಮೇಲೆ ಏಳು ತಂತಿಯ ಅಗತ್ಯ ಕಡಮೆಯಾಯಿತು. ಬಿಡಾರಂ ಕೃಷ್ಣಪ್ಪನವರ ಶಿಷ್ಯಪರಂಪರೆಯ ಆರ್. ಆರ್. ಕೇಶವಮೂರ್ತಿಗಳು ಅದನ್ನು ಬಿಡದೆ ನುಡಿಸಿ ಖ್ಯಾತರಾದರು. ಇಂದು ಅದನ್ನು ಕೈಗೆತ್ತಿಕೊಳ್ಳುವವರು ಬಹಳ ಕಡಮೆ.

ಗುರುಗಳು 1931ರಲ್ಲಿ ತೀರಿಕೊಂಡರು. ಚೌಡಯ್ಯನವರ ಕೀರ್ತಿಯು ಅಷ್ಟರಲ್ಲಿ ಮೈಸೂರಿನ ಎಲ್ಲೆಯನ್ನು ದಾಟಿದ್ದಿತು. ಎಲ್ಲೆಯೆಂದಾಗ ನಮ್ಮವರು ಒಂದು ಸಂಗತಿಯನ್ನು ಜ್ಞಾಪಿಸಿಕೊಳ್ಳಬೇಕು. ಆ ಕಾಲದಲ್ಲಿ ನರಸೀಪುರವು ಮೈಸೂರು ಸಂಸ್ಥಾನದಲ್ಲಿಯೂ, ನಮ್ಮ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿಯೂ ಇದ್ದಿತು. ಒಂದೇ ನದಿ, ಒಂದೇ ನುಡಿ, ಆದರೆ ಎರಡು ರಾಜ್ಯ. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ಸಂಗೀತಕ್ಕೆ ಮಾತ್ರ ಈ ಸುಂಕದ ಕಟ್ಟೆಗಳು ಎಂದೂ ಇರಲಿಲ್ಲ. ಮೈಸೂರಿನ ಚೌಡಯ್ಯನವರು, ಮಲೆಯಾಳ ಸೀಮೆಯ ಪಾಲಕ್ಕಾಡಿನ ಚೆಂಬೈ ವೈದ್ಯನಾಥ ಭಾಗವತರಿಗೆ ಪಕ್ಕವಾದ್ಯ ನುಡಿಸಿ ಮದರಾಸಿನ ರಸಿಕರನ್ನು ತಣಿಸಿದರು. ಭಾಗವತರದು ಸಿಂಹದಂಥ ಕಂಠ. ಅದಕ್ಕೆ ಎಣೆಯಾಗಿ ನಿಲ್ಲಲು ಏಳು ತಂತಿಯೇ ಬೇಕಾಗಿದ್ದಿತೋ ಏನೋ! ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗವೂ ಸೇರಿದಾಗ ಆ ತ್ರಿಮೂರ್ತಿಗಳ ಕಚೇರಿಗೆ ಜನ ಮುಗಿಬೀಳುತ್ತಿದ್ದರು.

ಚೌಡಯ್ಯನವರಿಗೆ ಸಾಹಸದ ಹುಚ್ಚೂ ಸ್ವಲ್ಪವಿದ್ದಿತು. 1943ರಲ್ಲಿ ತೆರೆಕಂಡ ವಾಣಿ ಎಂಬ ಕನ್ನಡ ಚಲನಚಿತ್ರದಲ್ಲಿ ಅವರು ಕಾಣಿಸಿಕೊಂಡರು. ಅದನ್ನು ನಿರ್ದೇಶಿಸಿದವರು ನಾಟಕರಂಗದ ಕೆ. ಹಿರಣ್ಣಯ್ಯನವರು. ಚೆಂಬೈ ಭಾಗವತರ ಕಚೇರಿಯೊಂದನ್ನೇ ಆ ಚಿತ್ರದಲ್ಲಿ ಸೇರಿಸಲಾಗಿದ್ದಿತು. ಮುಂದೆ ಮನೆಮಾತಾದ ನಟಿ ಪಂಢರಿಬಾಯಿಯವರು ಮೊದಲು ತೆರೆಗೆ ಬಂದದ್ದೂ ಅದೇ ಚಿತ್ರದಲ್ಲಿ.

ಮೈಸೂರು ಆಗ ಸಂಗೀತದ ತವರಾಗಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರವರು ಸ್ವತಃ ಪಿಟೀಲು ಮೊದಲಾದ ಹಲವು ವಾದ್ಯಗಳನ್ನು ಬಲ್ಲವರು. ಅವರ ಅರಮನೆಯಲ್ಲಿ ವೀಣೆಯ ಶೇಷಣ್ಣನವರಿದ್ದರು, ವಾಸುದೇವಾಚಾರ್ಯರಿದ್ದರು, ಹರಿಕೇಶನಲ್ಲೂರಿನ ಮುತ್ತಯ್ಯ ಭಾಗವತರಿದ್ದರು. ಇತ್ತ ಪಾಶ್ಚಾತ್ಯ ವಾದ್ಯಮೇಳವೂ ಇದ್ದಿತು. ಒಂದೇ ಛಾವಣಿಯ ಕೆಳಗೆ ಒಂದು ಕಡೆ ಪಿಟೀಲನ್ನು ಗಲ್ಲಕ್ಕೆ ಒತ್ತಿ ನುಡಿಸುವವರು, ಇನ್ನೊಂದು ಕಡೆ ಕಾಲಿಗೆ ಊರಿ ನುಡಿಸುವವರು! 1939ರಲ್ಲಿ ಚೌಡಯ್ಯನವರು ಆಸ್ಥಾನ ವಿದ್ವಾಂಸರಾಗಿ ಈ ಮಂಡಲಿಯನ್ನು ಸೇರಿದರು. ಮರುವರ್ಷವೇ ಮಹಾರಾಜರು ಕಾಲವಾದರು. ಅನಂತರ ಪಟ್ಟಕ್ಕೆ ಬಂದ ಜಯಚಾಮರಾಜೇಂದ್ರ ಒಡೆಯರವರೂ ಸ್ವತಃ ಕೃತಿಗಳನ್ನು ರಚಿಸಿದ ಸಂಗೀತಜ್ಞರು. ಮೆಟ್ನರ್ ಎಂಬ ರಷ್ಯಾ ದೇಶದ ಸಂಗೀತಗಾರನ ರಚನೆಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು ಧನವಿತ್ತವರು.

ಇಂಥ ಪರಿಸರದಲ್ಲಿ ಚೌಡಯ್ಯನವರು ಕನ್ನಡ, ತೆಲುಗು, ಸಂಸ್ಕೃತ ಭಾಷೆಗಳಲ್ಲಿ ಕೃತಿಗಳನ್ನು ರಚಿಸಿದರು. ಕೃತಿಯ ಚರಣದಲ್ಲಿ ರಚಿಸಿದವನು ತನ್ನ ಗುರುತನ್ನು ಸೇರಿಸುವುದು ನಮ್ಮಲ್ಲಿ ಸಂಪ್ರದಾಯ. ಅದಕ್ಕೆ ಅಂಕಿತವೆಂದು ಹೆಸರು. ಕೆಲವರು ಇಷ್ಟದೇವರ ಹೆಸರನ್ನಿಡುವರು, ಕೆಲವರು ತಮ್ಮ ಹೆಸರನ್ನೇ ಹೊಂದಿಸುವರು. ವಾಸುದೇವಾಚಾರ್ಯರು ವಾಸುದೇವ ಎಂದಿಟ್ಟರು, ಮುತ್ತಯ್ಯ ಭಾಗವತರು ತಮ್ಮ ಊರಿನ ನೆನಪಾಗುವಂತೆ ಹರಿಕೇಶ ಎಂದಿಟ್ಟರು. ಚೌಡಯ್ಯನವರು ಆರಿಸಿಕೊಂಡ ಅಂಕಿತ ತ್ರಿಮಕುಟ. ಎಷ್ಟು ಬಿರುದು ಬಂದರೂ, ಎಷ್ಟು ಊರು ಸುತ್ತಿದರೂ, ತಮ್ಮ ಹಾಡಿನೊಳಗೆ ಅವರು ಇಟ್ಟದ್ದು ತಾವು ಹುಟ್ಟಿದ ನದೀಸಂಗಮದ ಹೆಸರನ್ನು. ನಮ್ಮ ಸೀಮೆಯವರಾದ ನಮಗೆ ಇದಕ್ಕಿಂತ ಪ್ರಿಯವಾದ ಸಂಗತಿ ಅವರ ಚರಿತ್ರೆಯಲ್ಲಿ ಮತ್ತೊಂದಿಲ್ಲ.

ಈ ರಚನೆಗಳು ಏಕೆ ಹೆಚ್ಚು ಪ್ರಚಾರಕ್ಕೆ ಬರಲಿಲ್ಲ? ಮುಖ್ಯ ಕಾರಣವು ಪಕ್ಕವಾದ್ಯಗಾರನ ಸ್ಥಾನದಲ್ಲಿಯೇ ಇರುವುದೆಂದು ನಮಗೆ ತೋರುತ್ತದೆ. ಕಚೇರಿಯಲ್ಲಿ ಏನನ್ನು ಹಾಡಬೇಕೆಂದು ಗೊತ್ತುಮಾಡುವವನು ಹಾಡುಗಾರನು. ಹಾಡುಗಾರನು ಕೃತಿಯನ್ನು ರಚಿಸಿದರೆ ನಾಳೆಯೇ ಅದನ್ನು ವೇದಿಕೆಯ ಮೇಲೆ ಹಾಡಿ ತೋರಿಸಬಹುದು. ಶಿಷ್ಯರು ಕೇಳಿ ಕಲಿಯುವರು. ಪಿಟೀಲುಗಾರನಿಗಾದರೋ ತಾನೊಬ್ಬನೇ ನುಡಿಸುವ ಕಚೇರಿಯಲ್ಲಿ ಹೊರತು ಆ ಅವಕಾಶವಿಲ್ಲ. ಆಗಲೂ ತಂತಿಯು ರಾಗವನ್ನು ನುಡಿಯುವುದೇ ವಿನಾ ಮಾತನ್ನು ನುಡಿಯಲಾರದು; ಅಂಕಿತವು ಕೇಳುವವರ ಕಿವಿಗೆ ಬೀಳುವುದೇ ಇಲ್ಲ. ಹೀಗಾಗಿ ಸಾವಿರಾರು ಕಚೇರಿಗಳಲ್ಲಿ ಇತರರ ಕೃತಿಗಳಿಗೆ ಜೀವ ತುಂಬಿದ ಕೈಯೇ ರಚಿಸಿದ ಕೃತಿಗಳು ಶಿಷ್ಯರ ಮನೆಗಳಲ್ಲಿಯೂ ಪಾಠದ ಕೊಠಡಿಗಳಲ್ಲಿಯೂ ಉಳಿದುವು.

ಇಂಥದು ನಮ್ಮ ದೇಶದಲ್ಲಿ ಮಾತ್ರ ನಡೆದುದಲ್ಲ. ಇಟಲಿಯ ಪಗನೀನಿ (1782-1840) ಎಂಬ ಪಿಟೀಲುಗಾರನ ಹೆಸರನ್ನು ಪ್ರಪಂಚವೆಲ್ಲಾ ಬಲ್ಲದು. ಅವನ ಕೈಚಳಕವನ್ನು ಕಂಡು, ಇವನಿಗೆ ಭೂತಪ್ರೇತಗಳ ಸಹಾಯವಿರಬೇಕೆಂದು ಜನರು ಗಾಬರಿಪಟ್ಟರಂತೆ. ಅವನ ಇಪ್ಪತ್ತುನಾಲ್ಕು ಒಂಟಿ ಪಿಟೀಲಿನ ರಚನೆಗಳನ್ನು ಇಂದಿಗೂ ದೊಡ್ಡ ವಿದ್ವಾಂಸರು ಪರೀಕ್ಷೆಯ ಗರಡಿಯೆಂದು ಭಾವಿಸುವರು. ಆದರೆ ಅದೇ ಮನುಷ್ಯನು ಗಿಟಾರನ್ನೂ ಪ್ರೀತಿಯಿಂದ ನುಡಿಸುತ್ತಿದ್ದನೆಂಬುದೂ, ಪಿಟೀಲು, ಅದರ ಅಕ್ಕನಂತಿರುವ ವಯೋಲ, ದೊಡ್ಡ ಗಾತ್ರದ ಚೆಲ್ಲೊ, ಜೊತೆಗೆ ಗಿಟಾರು, ಹೀಗೆ ನಾಲ್ಕು ತಂತಿವಾದ್ಯಗಳಿಗಾಗಿ ಹದಿನೈದು ರಚನೆಗಳನ್ನು ಮಾಡಿದನೆಂಬುದೂ ಎಷ್ಟು ಜನರಿಗೆ ಗೊತ್ತು? ಅವುಗಳ ಪೈಕಿ ಆರು ಮಾತ್ರ ಅವನ ಜೀವಿತಕಾಲದಲ್ಲಿ, 1820ರಲ್ಲಿ, ಮಿಲಾನ್ ನಗರದಲ್ಲಿ ಅಚ್ಚಾದುವು. ನಾಲ್ವರು ಸ್ನೇಹಿತರು ಒಂದು ಕೋಣೆಯಲ್ಲಿ ಕುಳಿತು ತಮ್ಮ ಸಂತೋಷಕ್ಕಾಗಿ ನುಡಿಸಿಕೊಳ್ಳುವ ಸಂಗೀತವದು. ಅಲ್ಲಿ ಬೆರಗುಗೊಳಿಸುವ ಹವಣಿಕೆಯಿಲ್ಲ. ದೊಡ್ಡ ಮಂದಿರದ ಚಪ್ಪಾಳೆಯಲ್ಲಿ ಈ ಕೋಣೆಯ ಸಂಗೀತವು ಮುಚ್ಚಿಹೋಯಿತು. ಪಗನೀನಿಯನ್ನೂ ಚೌಡಯ್ಯನವರನ್ನೂ ಹೋಲಿಸಬೇಕೆಂದು ನಮ್ಮ ಉದ್ದೇಶವಲ್ಲ. ಅವನು ವೇದಿಕೆಯ ನಡುವೆ ಒಬ್ಬನೇ ನಿಂತವನು, ಇವರು ಪಕ್ಕದಲ್ಲಿ ಕುಳಿತವರು. ಆದರೂ ಕೈಯ ಕೀರ್ತಿಯು ರಚನೆಯನ್ನು ಮರೆಮಾಡಿದ ವಿಷಯದಲ್ಲಿ ಇಬ್ಬರ ಪಾಡೂ ಒಂದೇ. ಪಗನೀನಿಯ ಬರಹವಾದರೋ ಕಾಗದದ ಮೇಲೆ ಸಂಪೂರ್ಣವಾಗಿರುವುದರಿಂದ ನೂರು ವರ್ಷ ಬಿಟ್ಟು ಯಾರಾದರೂ ತೆಗೆದು ನುಡಿಸಬಹುದು. ನಮ್ಮ ಕೃತಿಗಳ ಸ್ಥಿತಿ ಹಾಗಲ್ಲ. ಸ್ವರಲಿಪಿಯು ಎಲುಬಿನ ಗೂಡು ಮಾತ್ರ. ಗಮಕವೆಂಬ ರಕ್ತಮಾಂಸಗಳು ಗುರುವಿನ ಬಾಯಿಂದ ಬರಬೇಕು. ಕಲಿತವರು ಹಾಡದೆ ಬಿಟ್ಟ ಕೃತಿಯು ಪುಸ್ತಕದಲ್ಲಿದ್ದರೂ ಇಲ್ಲದಂತೆಯೇ.

ಚೌಡಯ್ಯನವರಿಗೆ ಈ ವಿಷಯ ತಿಳಿದಿದ್ದಿರಬೇಕು. ಪಾಠ ಹೇಳುವುದರಲ್ಲಿ ಅವರು ಎಂದೂ ಹಿಂದೆಗೆಯಲಿಲ್ಲ. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜೆಂಬ ವಿದ್ಯಾಲಯವನ್ನು ಸ್ಥಾಪಿಸಿ ನಡೆಸಿದರು. ಎಂಟು ವರ್ಷ ಗುರುವಿನ ಮನೆಯಲ್ಲಿ ಕಾದಿದ್ದು ಕಲಿತವರು, ಹಾಗೆ ಕಾದಿರಲು ಅನುಕೂಲವಿಲ್ಲದ ಮಕ್ಕಳಿಗಾಗಿ ಶಾಲೆಯ ಬಾಗಿಲನ್ನು ತೆರೆದರೆಂಬುದು ನಮಗೆ ಮೆಚ್ಚಿಕೆಯಾದ ಸಂಗತಿ.

1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯು ಅವರಿಗೆ ಸಂಗೀತ ಕಲಾನಿಧಿ ಎಂಬ ಬಿರುದನ್ನಿತ್ತಿತು. ದಕ್ಷಿಣಾದಿ ಸಂಗೀತಗಾರರಿಗೆ ಅದಕ್ಕಿಂತ ದೊಡ್ಡ ಮನ್ನಣೆಯಿಲ್ಲ. ಪಕ್ಕದಲ್ಲಿ ಕುಳಿತವರನ್ನು ಆ ವರ್ಷದ ಮಟ್ಟಿಗಾದರೂ ನಡುವಿನ ಆಸನಕ್ಕೆ ಕರೆದಂತಾಯಿತು. ನಮ್ಮ ತಾಲ್ಲೂಕು ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿದ ಮರುವರ್ಷ ಮೈಸೂರಿನ ವಿದ್ವಾಂಸರನ್ನು ಮದರಾಸು ಹೀಗೆ ಗೌರವಿಸಿತು.

ಅನಂತರ ಹತ್ತು ವರ್ಷಗಳೂ ತುಂಬಲಿಲ್ಲ. 1967ರ ಜನವರಿ 19ರಂದು, ತಮ್ಮ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಚೌಡಯ್ಯನವರು ಕಾಲವಾದರು. ಹದಿಮೂರು ವರ್ಷಗಳ ತರುವಾಯ, 1980ರಲ್ಲಿ, ಬೆಂಗಳೂರಿನಲ್ಲಿ ಅವರ ಸ್ಮಾರಕ ಮಂದಿರವು ಸಿದ್ಧವಾಯಿತು. ಅದನ್ನು ಕಟ್ಟಿಸಲು ದುಡಿದವರು ಕೆ. ಕೆ. ಮೂರ್ತಿಗಳು. ಇಡೀ ಕಟ್ಟಡವೇ ಮಲಗಿಸಿಟ್ಟ ಪಿಟೀಲಿನ ಆಕಾರದಲ್ಲಿರುವುದು. ತಂತಿಗಳು, ಬಿರಡೆಗಳು, ಕಮಾನು ಎಲ್ಲವನ್ನೂ ಅಲ್ಲಿ ಕಾಣಬಹುದು. ಬೆಂಗಳೂರಿಗೆ ಹೋಗುವ ನಮ್ಮ ಹುಡುಗಿಯರು ಅದನ್ನು ನೋಡಿಬರಬೇಕು. ತಂತಿಗಳು ಏಳೇ ಇವೆಯೇ ಎಂದು ಎಣಿಸಿ ನೋಡಲಿ.

ಆ ಮಂದಿರದಲ್ಲಿ ಕಚೇರಿಗಳೂ ನಾಟಕಗಳೂ ನಡೆಯುತ್ತಿರುತ್ತವೆ. ಅಲ್ಲಿಯಾಗಲಿ, ಮೈಸೂರಿನ ಯಾವುದಾದರೂ ಸಣ್ಣ ಸಭೆಯಲ್ಲಾಗಲಿ, ಹಾಡುವವರು ಚರಣಕ್ಕೆ ಬಂದಾಗ ತ್ರಿಮಕುಟ ಎಂಬ ಮಾತು ಕಿವಿಗೆ ಬಿದ್ದರೆ, ಸುತ್ತಲಿನವರು ಅದನ್ನು ದೇವರ ಹೆಸರೆಂದು ತಿಳಿದಾರು. ನಮ್ಮ ಕಡೆಯ ಹುಡುಗಿ ಪಕ್ಕದಲ್ಲಿದ್ದರೆ, ಅದು ಕೊಳ್ಳೇಗಾಲದ ಬಸ್ಸು ಸೇತುವೆ ದಾಟುವಾಗ ಕಿಟಕಿಯಿಂದ ಕಾಣುವ ಊರೆಂದು ಹೇಳಬಲ್ಲಳು.